ಅರ್ಧ ತುಂಬಿದ ಟ್ಯಾಂಕು

2006ರ ನವೆಂಬರ್ 14, ಮಂಗಳವಾರ, ಬೆಳಿಗ್ಗೆ 6 ಗಂಟೆ 10 ನಿಮಿಷ. ಅಂಕೋಲೆಯ ಭಾವಿಕೇರಿಯಲ್ಲಿ ಮಾಬ್ಲೇಶ್ವರ ನಾಯಕರು ತಮ್ಮ ಮನೆಯ ಹೊಸ ಪಾಯಖಾನೆಯಲ್ಲಿ ಹೆಣವಾಗಿ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಲಕ್ವ ಹೊಡೆದ ಕಾಲಿಗೆ ಅನುಕೂಲವಾಗಲೆಂದು ಮಗ ರೂಪೇಶ ಆ ಕಮೋಡು ಹಾಕಿಸಿದ್ದು ಹಿಂದಿನ ದಿನವಷ್ಟೇ.

ಸಬ್ ಇನ್ಸ್‌ಪೆಕ್ಟರ್ ನೀತಾ ಬಂದಾಗ ಆರೂವರೆ ದಾಟಿತ್ತು. ಪ್ಲಂಬರ್ ಕಾಶಿಯನ್ನು ಊರವರು ಎಳೆತಂದು ಅಂಗಳದಲ್ಲಿ ನಿಲ್ಲಿಸಿದ್ದರು.

“ಇವನೇ ಮೇಡಂ!” ಎಂದ ರೂಪೇಶ. “ನಾನು ಬಾವಿಕಟ್ಟೆ ಹತ್ರ ಇದ್ದೆ. ಅಪ್ಪ ಫ್ಲಶ್ ಒತ್ತಿದ್ದು ಕೇಳ್ತು. ಹಿಂದೆಯೇ ಧಡ್ ಅಂತ ಸದ್ದು. ಕಮೋಡು ಅಲ್ಲಾಡಿರಬೇಕು.”

ನೀತಾ ಕಮೋಡನ್ನು ಎರಡೂ ಕೈಯಿಂದ ಜಗ್ಗಿದಳು. ಅಲ್ಲಾಡಲಿಲ್ಲ. ಟ್ಯಾಂಕಿನ ಮುಚ್ಚಳ ಎತ್ತಿದಳು. ನೀರು ಅರ್ಧ ದಾಟಿತ್ತು. ಪೈಪಿನಿಂದ ನೂಲಿನಂತೆ ಇನ್ನೂ ಒಳಗೆ ಬೀಳುತ್ತಿತ್ತು.

“ಕಾಶಿ, ನೀರು ತುಂಬುವ ವಾಲ್ವ್ ನೋಡಿ ಕೊಟ್ಟಿದ್ಯಾ?”

“ನೋಡಿದ್ದೆ ಮೇಡಂ. ಸಮಾ ಇತ್ತು.”

“ಅವರು ಬಿದ್ದ ಮೇಲೆ ಯಾರಾದರೂ ಫ್ಲಶ್ ಒತ್ತಿದ್ರಾ?”

ಪಕ್ಕದ ಮನೆಯ ಗಂಗೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನಾನೇ ಅಮ್ಮಾ. ರೂಪೇಶ ಕೂಗಿದ್ದೇ ಓಡಿ ಬಂದೆ. ಕಮೋಡಿನ ತುಂಬಾ ಹೊಲಸು. ಊರೆಲ್ಲ ನೋಡೂಕೆ ಬರ್ತದೆ, ಸತ್ತವರ ಮಾನ ಹೋಗೂದು ಬೇಡ ಅಂತ ಒತ್ತಿದೆ. ತಪ್ಪಾಯ್ತಾ?”

“ನೀರು ಎಷ್ಟು ಬಂತು?”

“ಭೊರ್ ಅಂತ ಬಂತು. ಒಂದೇ ಸಲಕ್ಕೆ ಎಲ್ಲ ಹೋಯ್ತು.”

ನೀತಾ ಫ್ಲಶ್ ಒತ್ತಿ ಟ್ಯಾಂಕು ಬರಿದು ಮಾಡಿದಳು. ಕೈಗಡಿಯಾರ ನೋಡಿಕೊಂಡು ಕಾಶಿಯತ್ತ ತಿರುಗಿದಳು.

“ನಿಜ ಹೇಳು. ಇದು ನಿನ್ನೆಯೇ ಹೀಗೆ ನಿಧಾನ ತುಂಬುತ್ತಿತ್ತಾ?”

ಕಾಶಿಗೆ ಅಳು ಬಂತು. “ಹೌದು ಮೇಡಂ. ಇಲ್ಲಿ ಬಾವಿ ನೀರಲ್ಲಿ ಮರಳು. ವಾಲ್ವಿನ ಬಾಯಿ ಕಟ್ತು. ಕತ್ತಲಾಗಿತ್ತು—ಇವತ್ತು ಬದಲಿಸುವ ಅಂತ ಯಾರಿಗೂ ಹೇಳದೆ ಹೋದೆ. ಈಗ ಹೇಳಿದ್ರೆ ಎಲ್ಲಾ ನನ್ನ ತಲೆಗೇ ಬರ್ತಿತ್ತು.”

“ನಿನ್ನ ತಲೆ ಉಳಿಸಿದ್ದೇ ಆ ಕಟ್ಟಿದ ವಾಲ್ವು.” ನೀತಾ ರೂಪೇಶನ ಎದುರು ನಿಂತಳು. “ನಿನ್ನ ಅಪ್ಪ ಆಗಷ್ಟೇ ಫ್ಲಶ್ ಒತ್ತಿದ್ದರೆ, ಹಿಂದೆಯೇ ಓಡಿ ಬಂದ ಗಂಗಕ್ಕನಿಗೆ ಒಂದು ತಂಬಿಗೆ ನೀರೂ ಸಿಗುತ್ತಿರಲಿಲ್ಲ. ಆದರೆ ಆಗ ಟ್ಯಾಂಕು ತುಂಬಿಯೇ ಇತ್ತು. ಅವರು ಒತ್ತಲಿಲ್ಲ. ನಿನಗೆ ಯಾವ ಸದ್ದೂ ಕೇಳಲಿಲ್ಲ. ಬಾವಿಕಟ್ಟೆಯ ಕಥೆ ಏಕೆ ಕಟ್ಟಿದೆ? ನೀನು ಒಳಗೇ ಇದ್ದೆ. ಹೌದೋ ಅಲ್ಲವೋ?”

ರೂಪೇಶ ಗೋಡೆಗೆ ಒರಗಿ ಕುಳಿತ.

“ಎರಡು ವರ್ಷ ನಾನೇ ಎತ್ತಿದೆ ಮೇಡಂ, ನಾನೇ ತೊಳೆದೆ. ಇದನ್ನು ಹಾಕಿಸಿದರೆ ಮುಗೀತು ಅಂದ್ಕೊಂಡಿದ್ದೆ. ಇವತ್ತು ಅದರ ಮೇಲೆ ಕೂತೇ ಕೂಗಿದ್ರು—‘ಬಾರೋ, ತೊಳಿ.’ ಎತ್ತಿದೆ. ತೊಳೆದೆ. ‘ನಿನ್ನ ಅವ್ವ ಇದ್ದಿದ್ರೆ ಇಷ್ಟು ಮುಖ ಸಿಂಡರಿಸ್ತಿರಲಿಲ್ಲ’ ಅಂದ್ರು. ದೂಡಿಬಿಟ್ಟೆ.”

ಕಾಶಿಯ ತೋಳು ಹಿಡಿದಿದ್ದ ಊರವರ ಕೈಗಳು ತಾವಾಗಿಯೇ ಸಡಿಲವಾದವು. ಪಂಚನಾಮೆ ಬರೆಯುವುದಕ್ಕೆ ಮುಂಚೆ ನೀತಾ ಟ್ಯಾಂಕಿನ ಪಕ್ಕದಲ್ಲೇ ನಿಂತು ಕಾದಳು. ಅದು ತುಂಬಲು ಹಿಡಿದದ್ದು ನಲವತ್ತೊಂದು ನಿಮಿಷ.