ಚಾಪೆಯ ಮೇಲಿನ ಚಪ್ಪಲಿಗಳು

ಕತ್ತಲಲ್ಲಿ ಯಾರದ್ದೋ ಕೈ ಸಿಕ್ಕಿತು. ಇಂಪನಾ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ತಲೆಯ ಮೇಲೆ ಕಪ್ಪು ಬಟ್ಟೆಯ ಆಕಾಶ. ಎಲ್ಲೋ ಒಂದು ಫ್ಯಾನು ಗುಂಯ್ ಅನ್ನುತ್ತಿತ್ತು. ಅವಳ ಎದೆ ಅದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ಮೇಡಂ, ಉಗುರು ಚುಚ್ತಾ ಐತೆ," ಎಂದಿತು ಒಂದು ಗಂಡು ದನಿ.

"ಸಾರಿ... ಲೈಟ್ ಯಾವಾಗ ಹಾಕ್ತಾರೆ?"

"ಈಗ್ ತಾನೆ ಆರ್ಸಿದೀನಿ. ನಕ್ಷತ್ರ ಕಾಣ್ಬೇಕು ಅಂದ್ರೆ ಕತ್ಲು ಬೇಕಲ್ವಾ?"

"ನಂಗೆ ನಕ್ಷತ್ರ ಬೇಡ."

ದನಿ ಮೆಲ್ಲಗೆ ನಕ್ಕಿತು. "ಹಂಗಂದ್ರೆ ಡೈನೋಸಾರ್ ರೂಮಿಗೆ ಹೋಗ್ಬೇಕಿತ್ತು. ಅಲ್ಲಿ ಟ್ಯೂಬ್‌ಲೈಟ್ ಉರೀತದೆ."

ನಕ್ಕನೇ ಹೊರತು ಕೈ ಬಿಡಿಸಿಕೊಳ್ಳಲಿಲ್ಲ. ಬಟ್ಟೆಯ ಮೇಲೆ ಒಂದೊಂದೇ ಚುಕ್ಕಿ ಹೊತ್ತಿಕೊಂಡಾಗ ಅವಳಿಗೆ ಅವನ ಮುಖ ಕಂಡಿತು. ಗ್ರೀಸ್ ಮೆತ್ತಿದ ಅಂಗಿ, ನಿದ್ದೆಗೆಟ್ಟ ಕಣ್ಣು. ಎಲ್ಲರ ಮೈಮೇಲಿದ್ದ ನೀಲಿ ಟೀ ಶರ್ಟ್ ಅವನಿಗಿರಲಿಲ್ಲ.

ಅವನು ಅನಂತರಾಜು. ಗುಬ್ಬಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ತುಮಕೂರಿನ ಈ ವಿಜ್ಞಾನ ಕೇಂದ್ರದ ಫ್ಯಾನ್ ಮೋಟರ್ ಸುಟ್ಟಾಗ ರಿಪೇರಿಗೆಂದು ಬಂದ. ಆವತ್ತು ಒಂದು ಸಲ ಆ ಬಟ್ಟೆಯ ಆಕಾಶ ನೋಡಿದ. ಅಂದಿನಿಂದ ಪ್ರತಿ ಭಾನುವಾರ ಬರುತ್ತಾನೆ, ಯಾರೂ ಕರೆಯದಿದ್ದರೂ.

ನೀಲಿ ಟೀ ಶರ್ಟ್ ಡಿಗ್ರಿ ಓದುವವರಿಗೆ ಮಾತ್ರ. ಬೆನ್ನ ಮೇಲೆ 'ಸ್ವಯಂಸೇವಕ' ಎಂದು ಬರೆದಿರುತ್ತದೆ. ಅವನನ್ನು ಮಾತ್ರ ಎಲ್ಲರೂ 'ಫ್ಯಾನ್ ಹುಡುಗ' ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವನ ದವಡೆ ಬಿಗಿಯುವುದನ್ನು ಯಾರೂ ನೋಡುತ್ತಿರಲಿಲ್ಲ.

ಇಂಪನಾ ನೋಡಿದಳು.

ಅವಳು ಹೆಬ್ಬೂರಿನವಳು. ತುಮಕೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಸ್ವಯಂಸೇವಕಿಯಾಗಿ ಭಾನುವಾರವೂ ಮಗಳನ್ನು ಸಿಟಿಗೆ ಕಳಿಸಲು ಅಪ್ಪ ಚಿಕ್ಕಹನುಮಯ್ಯ ಒಂದೇ ಷರತ್ತು ಹಾಕಿದ್ದ. "ನಿನ್ ಮೇಲೆ ಒಂದ್ ಮಾತು ಬಂತೋ, ಆಧಾರ್ ಕಾರ್ಡ್ ನನ್ ಕೈಗೆ ಕೊಟ್ಟು ಮನೇಲಿರ್ಬೇಕು. ಕಾರ್ಡ್ ಇಲ್ದೆ ಯಾವ್ ಬಸ್ಸಲ್ಲಿ ಬಿಟ್ಟಿ ಹೋಗ್ತೀಯ ನೋಡ್ತೀನಿ."

ಅಪ್ಪನಿಗಿಂತ ಹೆಚ್ಚು ಅವಳು ಹೆದರುತ್ತಿದ್ದುದು ಕತ್ತಲಿಗೆ. ಏಳು ವರ್ಷದವಳಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತಾ ಕೊಬ್ಬರಿ ಅಟ್ಟ ಹತ್ತಿ ಅಡಗಿದ್ದಳು. ಕೆಳಗಿನಿಂದ ಯಾರೋ ಬಾಗಿಲು ಹಾಕಿಕೊಂಡು ಹೋದರು. ಒಂದಿಡೀ ಮಧ್ಯಾಹ್ನ. ಬೆವರು, ಕೊಬ್ಬರಿಯ ಕಮಟು, ಕಾಲ ಮೇಲೆ ಹರಿದ ಇಲಿ... ಎಷ್ಟು ಕೂಗಿದರೂ ಯಾರಿಗೂ ಕೇಳಿಸಲಿಲ್ಲ.

ಹಾಗಿದ್ದೂ ಅಂತರಿಕ್ಷ ವಿಭಾಗಕ್ಕೇ ಸೇರಿದ್ದಳು. ಹೆದರಿಕೆಯನ್ನು ಗೆಲ್ಲುತ್ತೇನೆ ಎಂದುಕೊಂಡಿದ್ದಳು, ಪಾಪ.

ನಕ್ಷತ್ರ ತೋರಿಸುವ ಆ ಬಟ್ಟೆಯ ಗುಡಾರಕ್ಕೆ ಕಂಬವಿಲ್ಲ. ಫ್ಯಾನಿನ ಗಾಳಿಯೇ ಅದರ ಜೀವ. ಬಟ್ಟೆಯ ಸುರಂಗದಲ್ಲಿ ಅಂಬೆಗಾಲಿಟ್ಟು ಒಳಗೆ ಹೋಗಬೇಕು. ಫ್ಯಾನ್ ನಿಂತರೆ ಆಕಾಶ ಕೆಳಗೆ ಬೀಳುತ್ತದೆ. ಅದಕ್ಕೇ ಒಂದು ನಿಯಮವಿತ್ತು. ನಕ್ಷತ್ರದ ಆಟ ಮುಗಿದ ಮೇಲೆ ಸ್ವಯಂಸೇವಕರೊಬ್ಬರು ಟಾರ್ಚ್ ಹಿಡಿದು ಒಳಗೆ ಹೋಗಿ ಮೂಲೆ ಮೂಲೆ ನೋಡಬೇಕು. ಆಮೇಲೆ ಫ್ಯಾನಿನ ಹತ್ತಿರ ನಿಂತ ಅನಂತರಾಜು ಕೂಗುತ್ತಾನೆ.

"ಒಳಗೆ ಯಾರಾದ್ರು ಇದೀರಾ?"

"ಖಾಲಿ," ಎಂದರೆ ಮಾತ್ರ ಸ್ವಿಚ್ ಆರಿಸುತ್ತಾನೆ.

ಐದು ಭಾನುವಾರ ಅವನು ಹಾಗೆ ಕೂಗಿದ. ಐದು ಭಾನುವಾರವೂ ಇಂಪನಾ ಖಾಲಿ ಎಂದಳು. ನಡುವೆ ಚುರುಮುರಿ ಹಂಚಿಕೊಂಡರು. ಯಾವ ಚುಕ್ಕಿ ಯಾವ ಕಡೆ ಮುಳುಗುತ್ತದೆ ಎಂದು ಅವನು ಪುಸ್ತಕವಿಲ್ಲದೆ ಹೇಳಿಕೊಟ್ಟ. "ಮೂವತ್ತೈದ್ ಸಲ ನೋಡಿದೀನಿ ಮೇಡಂ. ಎಮ್ಮೆ ಆಗಿದ್ರೂ ಕಲ್ತಿರೋದು," ಎಂದು ನಗಿಸಿದ. ಅವನ ನಗು ನೆನೆದರೆ ಹೆಬ್ಬೂರು ಬಂದದ್ದೇ ತಿಳಿಯದೆ ಬಸ್ಸಿನಲ್ಲಿ ಮುಂದೆ ಹೋಗಿಬಿಡುತ್ತಿದ್ದಳು.

ಆದರೆ ಅವನಿಗೊಂದು ವಿಷಯ ಗೊತ್ತಿರಲಿಲ್ಲ.

ಅವಳು ಒಂದು ಸಲವೂ ಟಾರ್ಚ್ ಹಿಡಿದು ಒಳಗೆ ಹೋಗಿರಲಿಲ್ಲ.

ಮಕ್ಕಳೆಲ್ಲ ಚಪ್ಪಲಿ, ಶೂಗಳನ್ನು ಹೊರಗಿನ ಚಾಪೆಯ ಮೇಲೆ ಬಿಟ್ಟು ಒಳಗೆ ಹೋಗುತ್ತಿದ್ದರು. ಹೊರಗೆ ಬಂದವರು ಮೆಟ್ಟಿಕೊಂಡು ಹೋಗುತ್ತಿದ್ದರು. ಚಾಪೆ ಖಾಲಿಯೆಂದರೆ ಗುಡಾರವೂ ಖಾಲಿ. ಅವಳು ಸುರಂಗದ ಬಾಯಲ್ಲೇ ನಿಂತು ಚಾಪೆ ನೋಡುತ್ತಿದ್ದಳು. ಇದರಲ್ಲಿ ತಪ್ಪೇನಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಆರನೇ ಭಾನುವಾರ ಕುಣಿಗಲ್ ಕಡೆಯ ಒಂದು ಶಾಲೆಯಿಂದ ಮಕ್ಕಳು ಬಂದರು. ಆಟ ಮುಗಿಯಿತು. ಮಕ್ಕಳು ಗಲಾಟೆ ಮಾಡುತ್ತಾ ಹೊರಬಿದ್ದರು. ಅವರ ಟೀಚರ್ ಸುಮನಾ ಮೇಡಂ ಅಂಗಳದಲ್ಲಿ ಸಾಲು ಮಾಡಿಸುತ್ತಿದ್ದರು. ಇಂಪನಾ ಚಾಪೆ ನೋಡಿದಳು. ಒಂದು ಚಪ್ಪಲಿಯೂ ಇಲ್ಲ.

"ಒಳಗೆ ಯಾರಾದ್ರು ಇದೀರಾ?"

"ಖಾಲಿ."

ಫ್ಯಾನ್ ನಿಂತಿತು. ಕಪ್ಪು ಬಟ್ಟೆ ನಿಟ್ಟುಸಿರಿಟ್ಟು ಇಳಿಯತೊಡಗಿತು.

ಅರ್ಧ ಇಳಿದಿರಬೇಕು. ಬಟ್ಟೆಯ ನಡುವೆ ಒಂದು ಉಬ್ಬು ಎದ್ದಿತು. ಆ ಉಬ್ಬು ಅಲುಗಾಡಿತು. ಆಮೇಲೆ ಒಳಗಿನಿಂದ ಒಂದು ಎಳೆಯ ಚೀರಾಟ...

ಇಂಪನಾಳ ಕಾಲು ನೆಲಕ್ಕೆ ಅಂಟಿಕೊಂಡಿತು. ಆ ಚೀರಾಟ ಅವಳಿಗೆ ಗೊತ್ತಿತ್ತು. ಕೊಬ್ಬರಿ ಅಟ್ಟದಲ್ಲಿ ಅವಳ ಬಾಯಿಂದಲೇ ಬಂದಿದ್ದ ಚೀರಾಟ ಅದು.

ಅನಂತರಾಜು ಸ್ವಿಚ್ ಒತ್ತಿ, ಬಟ್ಟೆ ಏಳುವುದಕ್ಕೂ ಕಾಯದೆ, ಜೋತುಬಿದ್ದ ಸುರಂಗದೊಳಗೆ ನುಗ್ಗಿದ. ಹೊರಗೆ ಬಂದಾಗ ಅವನ ತೋಳಲ್ಲಿ ಏಳೆಂಟು ವರ್ಷದ ಹುಡುಗಿ. ಗಾಯವೇನೂ ಇರಲಿಲ್ಲ. ಆದರೆ ಗಡಗಡ ನಡುಗುತ್ತಿತ್ತು. ಬಟ್ಟೆ ಒದ್ದೆಯಾಗಿತ್ತು. ಉಳಿದ ಮಕ್ಕಳು ನೋಡಿ ನಗುವ ಮೊದಲೇ ಅನಂತರಾಜು ತನ್ನ ಅಂಗಿ ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿದ. ಬನಿಯನ್ನಿನಲ್ಲೇ ನಿಂತ.

ಇಂಪನಾ ಮಗುವಿನ ಪಾದ ನೋಡಿದಳು. ಬರಿಗಾಲು. ಹಳೆಯ ಧೂಳು ಹತ್ತಿದ, ಒರಟು ಬರಿಗಾಲು.

"ಅವ್ರಮ್ಮಂಗೆ ಆಪರೇಷನ್ ಆಗ್ಬೇಕು," ಸುಮನಾ ಮೇಡಂ ಅಳುತ್ತಿದ್ದರು. "ಅಮ್ಮ ಮನೆಗೆ ಬರೋವರ್ಗೂ ಚಪ್ಪಲಿ ಮೆಟ್ಟಲ್ಲ ಅಂತ ಅಜ್ಜಿ ಹರಕೆ ಹೊರ್ಸಿದಾರೆ. ಇಲ್ಲಿಗೆ ಬರೋ ಖುಷಿಗೆ ರಾತ್ರಿಯೆಲ್ಲ ಮಲ್ಗಿಲ್ವಂತೆ, ಒಳಗೇ ನಿದ್ದೆ ಹೋಗ್ಬಿಟ್ಟಿದಾಳೆ. ಯಾರ್ರೀ ಫ್ಯಾನ್ ಆರ್ಸಿದ್ದು?"

"ನಾನು," ಎಂದ ಅನಂತರಾಜು.

ಅಂತರಿಕ್ಷ ವಿಭಾಗ ನೋಡಿಕೊಳ್ಳುವ ಸೋಮಶೇಖರ್ ಸರ್ ಓಡಿ ಬಂದರು. "ಒಂಬತ್ತನೇ ಕ್ಲಾಸ್ ಫೇಲಾದೋನ್ನ ಒಳಗೆ ಬಿಟ್ಕೊಂಡಿದ್ದು ನನ್ ತಪ್ಪು. ತಲೇಲಿ ಏನಿದೆಯೋ ನಿಂಗೆ?"

"ಫೇಲಾಗಿಲ್ಲ ಸಾರ್. ಬಿಟ್ಟಿದ್ದು."

"ಎದುರು ಮಾತಾಡ್ತೀಯಾ? ನಡಿ ಆಚೆ."

ಅನಂತರಾಜು ಒಂದೇ ಒಂದು ಸಲ ಇಂಪನಾಳ ಕಡೆ ನೋಡಿದ. 'ಖಾಲಿ' ಎಂದವಳು ಇವಳೇ ಎಂದು ಅವನು ಹೇಳಲಿಲ್ಲ. ಅವಳೇ ಹೇಳಲಿ ಎಂದು ಕಾದ. ಅಷ್ಟೇ.

ಹೇಳು... ಹೇಳೇ...

ಅಪ್ಪನ ಮುಖ ಕಣ್ಣ ಮುಂದೆ ಬಂತು. ಸುಮನಾ ಮೇಡಂ ಕಣ್ಣಿನ ಬೆಂಕಿ ಕಂಡಿತು. ನಾಲಿಗೆ ಏಳಲಿಲ್ಲ.

ಅವನು ಬನಿಯನ್ನಿನಲ್ಲೇ ಗೇಟು ದಾಟಿ ಹೋದ.

ಆಮೇಲಿನ ಮೂರು ದಿನ ಅವಳು ಊಟ ಮಾಡಲಿಲ್ಲ. ಕಣ್ಣು ಮುಚ್ಚಿದರೆ ಬಟ್ಟೆಯಡಿಯ ಆ ಉಬ್ಬು ಅಲುಗಾಡುತ್ತಿತ್ತು. ಬುಧವಾರ ಕಾಲೇಜು ಬಿಟ್ಟವಳೇ ಗುಬ್ಬಿ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಅವನು ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಅವಳನ್ನು ನೋಡಿಯೂ ತಲೆ ಎತ್ತಲಿಲ್ಲ. ಅವಳು ಎರಡು ಸಲ ಕರೆದಳು. ಅವನು ತಂತಿ ಸುತ್ತುತ್ತಲೇ ಇದ್ದ. ಕಣ್ಣಲ್ಲಿ ನೀರು ತುಂಬಿ ತಿರುಗಿ ಹೊರಟಾಗ ದನಿ ಬಂತು.

"ನಿಂತ್ಕೊಳಿ. ಮಧ್ಯ ಮಾತಾಡುದ್ರೆ ಸುತ್ತು ತಪ್ತದೆ. ಈಗ ಮುಗೀತು. ಹೇಳಿ."

"ನನ್ ಹೆಸ್ರು ಯಾಕ್ ಹೇಳ್ಲಿಲ್ಲ?"

"ಕತ್ಲಲ್ಲಿ ಒಂದ್ ಮಗು ಕಣ್ ತಪ್ಪೋದು ಯಾರ್ಗಾದ್ರು ಆಗ್ತದೆ ಬುಡಿ."

ಈ ಮಾತಿಗಿಂತ ಅವನು ಬೈದಿದ್ದರೆ ಚೆನ್ನಾಗಿತ್ತು.

"ಕಣ್ ತಪ್ಪಲಿಲ್ಲ," ಎಂದಳು. "ನಾನು ಒಳಗೇ ಹೋಗಿರ್ಲಿಲ್ಲ. ಆಟ ಮುಗಿದ್ಮೇಲೆ ನೋಡಕ್ಕೆ ಯಾವತ್ತೂ ಹೋಗಿಲ್ಲ. ಚಾಪೆ ಮೇಲೆ ಚಪ್ಪಲಿ ಇಲ್ಲ ಅಂತ ನೋಡಿ ಖಾಲಿ ಅಂದ್ಬಿಡ್ತಿದ್ದೆ."

ಅನಂತರಾಜುವಿನ ಕೈಯಿಂದ ಕಟಿಂಗ್ ಪ್ಲೇಯರ್ ಜಾರಿ ಬಿತ್ತು.

"ಆರ್ ವಾರ? ನಾನು ನಿಮ್ಮನ್ನ ನಂಬಿ ಆರ್ ವಾರ ಮಕ್ಕಳ್ ತಲೆ ಮೇಲೆ ಬಟ್ಟೆ ಕೆಡವ್ದೆನಾ?"

"ಕತ್ತಲು ಅಂದ್ರೆ ನಂಗೆ ಉಸಿರು ಕಟ್ಟುತ್ತೆ ರಾಜು ಅವ್ರೇ... ಚಿಕ್ಕವಳಿದ್ದಾಗ..."

ಅವಳು ಅಟ್ಟದ ಕಥೆ ಹೇಳಿದಳು. ಅವನು ಕೇಳಿದ. ಆದರೆ ಮುಖ ಕರಗಲಿಲ್ಲ.

"ಹೆದ್ರುಕೆ ನಂಗೂ ಇತ್ತು. ಇಂಗ್ಲಿಷ್ ಮೇಷ್ಟ್ರ ಹೆದ್ರುಕೆಗೇ ಸ್ಕೂಲ್ ಬಿಟ್ಟೆ. ಓದ್ದೋರು ಹೆದ್ರುದ್ರೆ ಅಯ್ಯೋ ಪಾಪ ಅಂತಾರೆ. ಅದೇ ನಾವು ಹೆದ್ರುದ್ರೆ ದಡ್ಡ ನನ್ಮಗ. ಆಚೆ ನಡಿ. ಅಷ್ಟೇ ವ್ಯತ್ಯಾಸ."

"ಶನಿವಾರ ಗುಡಾರ ಕುಣಿಗಲ್‌ಗೆ ಹೋಗುತ್ತೆ, ಆ ಮಗು ಸ್ಕೂಲಿಗೇ, ಇನ್ನೊಂದ್ ಸಲ ಆಟ ತೋರ್ಸೋಕೆ. ಅಲ್ಲಿ ಎಲ್ರ ಮುಂದೆ ಹೇಳ್ತೀನಿ. ನೀವು ಬರ್ಬೇಕು."

"ನಂಗ್ಯಾಕೆ? ಫ್ಯಾನ್ ಹಾಕಕ್ಕೆ ಒಂಬತ್ತನೇ ಕ್ಲಾಸು ಸಾಲದಂತೆ." ಅವನು ಇನ್ನೊಂದು ಸುರುಳಿ ತಂತಿ ಕೈಗೆತ್ತಿಕೊಂಡ.

ಅವಳು ಆ ಸಂಜೆಯೇ ಅಪ್ಪನ ಮುಂದೆ ಆಧಾರ್ ಕಾರ್ಡ್ ಇಟ್ಟು ನಡೆದದ್ದನ್ನೆಲ್ಲ ಹೇಳಿದಳು. ಚಿಕ್ಕಹನುಮಯ್ಯ ಕಾರ್ಡನ್ನು ಜೇಬಿಗಿಟ್ಟುಕೊಂಡ. ಎರಡು ದಿನ ಮಗಳ ಜೊತೆ ಮಾತಾಡಲಿಲ್ಲ. ಶನಿವಾರ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದವನು ಟಿವಿಎಸ್ ತಿರುಗಿಸಿ ನಿಲ್ಲಿಸಿದ.

"ಹತ್ತು. ಆ ಮಗೀನ್ ಮುಖ ನಾನೂ ನೋಡ್ಬೇಕು."

ಕುಣಿಗಲ್ ಶಾಲೆಯ ಅಂಗಳದಲ್ಲಿ ಗುಡಾರ ಉಬ್ಬಿ ನಿಂತಿತ್ತು. ಬರಿಗಾಲಿನ ಆ ಹುಡುಗಿ ಗಂಗಾಂಬಿಕೆ, ಸುಮನಾ ಮೇಡಂ ಸೀರೆಯ ಸೆರಗಿನ ಹಿಂದೆ ಅಡಗಿತ್ತು. ಗೇಟಿನ ಆಚೆ ಒಂದು ಬೈಕು ಬಂದು ನಿಂತಿತು. ಬೈಕಿನವನು ಒಳಗೆ ಬರಲಿಲ್ಲ.

ಇಂಪನಾ ಎಲ್ಲರ ಮುಂದೆ ನಿಂತಳು. ಹೇಳಿದಳು. ಚಾಪೆ, ಚಪ್ಪಲಿ, ಖಾಲಿ, ತನ್ನ ಸುಳ್ಳು... ಒಂದನ್ನೂ ಬಿಡಲಿಲ್ಲ.

ಸೋಮಶೇಖರ್ ಸರ್ ಕೆಮ್ಮಿದರು. ಆಮೇಲೆ ಮೆತ್ತಗೆ ಅಂದರು. "ಪರವಾಗಿಲ್ಲಮ್ಮ. ಹೆದರಿಕೆ ಯಾರಿಗಿರಲ್ಲ? ಚೆನ್ನಾಗಿ ಓದೋ ಹುಡುಗಿ ನೀನು, ಆಗೋಯ್ತು ಬಿಡು."

ಇಂಪನಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಗುಬ್ಬಿಯ ಅಂಗಡಿಯಲ್ಲಿ ಅವನು ಹೇಳಿದ್ದು ಇದನ್ನೇ.

"ಸಾರ್, ಇದೇ ಮಾತು ಅವ್ರಿಗೆ ಯಾಕೆ ಹೇಳ್ಲಿಲ್ಲ?"

"ಯಾರಿಗೆ?"

"ಅನಂತರಾಜು ಅವ್ರಿಗೆ. ತಪ್ಪು ನಂದು. ನಂಗೆ ಪರವಾಗಿಲ್ಲಮ್ಮ ಅಂತೀರ. ತಪ್ಪೇ ಮಾಡ್ದೆ ಇರೋರ್ಗೆ ಆಚೆ ನಡಿ ಅಂದ್ರಿ. ಮಗು ಚೀರ್ದಾಗ ನಾನು ಈ ಟೀ ಶರ್ಟ್ ಹಾಕ್ಕೊಂಡು ನಿಂತಿದ್ದೆ. ಒಳಗೆ ನುಗ್ಗಿದ್ದು ಅವ್ರು."

ಸರ್ ನೆಲ ನೋಡಿದರು. ಗೇಟಿನ ಕಡೆ ನೋಡಿದರು. ಕೊನೆಗೆ ತಾವೇ ಹೋಗಿ ಬೈಕಿನ ಪಕ್ಕ ನಿಂತು ಏನೋ ಹೇಳಿದರು. ಅನಂತರಾಜು ತಲೆ ತಗ್ಗಿಸಿಕೊಂಡೇ ಒಳಗೆ ಬಂದು ಫ್ಯಾನಿನ ಹತ್ತಿರ ನಿಂತ.

ಸುಮನಾ ಮೇಡಂ ಮಾತ್ರ ಕರಗಿರಲಿಲ್ಲ. "ಎಲ್ಲ ಸರಿನಮ್ಮ. ಇವತ್ತು ಕೊನೇಲಿ ಒಳಗೆ ಹೋಗಿ ನೋಡೋರು ಯಾರು?"

"ನಾನೇ," ಎಂದಳು ಇಂಪನಾ.

ಸೆರಗಿನ ಹಿಂದಿನಿಂದ ಗಂಗಾಂಬಿಕೆ ಇಣುಕಿತು. "ಅಕ್ಕಾ, ನಿಂಗೂ ಭಯ ಆಯ್ತದಾ?"

"ತುಂಬಾ ಆಗುತ್ತೆ ಕಣೇ."

"ಹಂಗಾರೆ ನನ್ ಕೈ ಹಿಡ್ಕೋ."

ಉಳಿದ ಮಕ್ಕಳ ಜೊತೆ ಇಬ್ಬರೂ ಅಂಬೆಗಾಲಿಟ್ಟು ಒಳಗೆ ಹೋದರು. ಕತ್ತಲಾಯಿತು. ಪುಟ್ಟ ಬೆರಳುಗಳು ಇಂಪನಾಳ ಬೆರಳನ್ನು ಹಿಡಿದೇ ಇದ್ದವು. ಚುಕ್ಕಿಗಳು ಬಂದವು, ತಿರುಗಿದವು, ಮುಳುಗಿದವು.

ಆಟ ಮುಗಿಯಿತು. ಮಕ್ಕಳು ಹೊರಗೆ ಹೋದರು, ಗಂಗಾಂಬಿಕೆಯೂ ಹೋಯಿತು. ಈಗ ಅವಳೊಬ್ಬಳೇ. ಟಾರ್ಚ್ ಹೊತ್ತಿಸಿದಳು. ಒಂದೊಂದು ಹೆಜ್ಜೆಗೂ ಅಟ್ಟದ ಬಾಗಿಲು ಮುಚ್ಚಿದ ಸದ್ದು ಕಿವಿಯಲ್ಲಿ ಕೇಳುತ್ತಿತ್ತು. ಆದರೂ ಬಟ್ಟೆಯ ಅಂಚು ಹಿಡಿದು ಸುತ್ತ ನಡೆದಳು. ಎಲ್ಲ ಕಡೆ ನೋಡಿದಳು. ಯಾರೂ ಇರಲಿಲ್ಲ.

ಹೊರಗಿನಿಂದ ದನಿ ಬಂತು. ಒರಟಾಗಿ, ಸ್ವಲ್ಪ ಒಡೆದು.

"ಒಳಗೆ ಯಾರಾದ್ರು ಇದೀರಾ?"

ಇಂಪನಾ ಬಾಯಿ ತೆರೆದಳು. ಖಾಲಿ ಎನ್ನಬೇಕಿತ್ತು. ಎನ್ನಲಿಲ್ಲ.

"ಇದೀನಿ," ಎಂದಳು. "ನಾನಿದೀನಿ. ಇನ್ನೂ ಹೆದ್ರುಕೆ ಆಗ್ತಾ ಇದೆ."

ಸುರಂಗದಲ್ಲಿ ಸರಸರ ಸದ್ದಾಯಿತು. ಕತ್ತಲಲ್ಲಿ ಅವನು ಬಂದು ಪಕ್ಕದಲ್ಲಿ ಕೂತದ್ದು ಗ್ರೀಸಿನ ವಾಸನೆಯಿಂದ ತಿಳಿಯಿತು. ಅವಳು ಟಾರ್ಚ್ ಆರಿಸಿದಳು.

"ಯಾಕ್ ಆರ್ಸುದ್ರಿ?"

"ಬೆಳಕಲ್ಲಿ ಹೇಳಕ್ಕೆ ಧೈರ್ಯ ಇಲ್ಲ. ಆವತ್ತು ನಿಮ್ಮನ್ನ ಕಳ್ಕೊಂಡೆ ಅಂತ ಅನ್ಸಿದಾಗ, ಕತ್ತಲಿಗಿಂತ ಅದೇ ಜಾಸ್ತಿ ಹೆದ್ರುಕೆ ಆಯ್ತು. ನೀವಂದ್ರೆ ನಂಗೆ ಇಷ್ಟ. ಮೊದಲ್ನೇ ದಿನ ಉಗುರು ಚುಚ್ಚಿದಾಗಿಂದ."

ಅವನದು ಮೋಟರ್ ಸುತ್ತು ಎಣಿಸುವಾಗಿನಂಥದೇ ಮೌನ. ಅವಳು ಕಾದಳು.

"ಕೋಪ ಇನ್ನೂ ಪೂರ್ತಿ ಹೋಗಿಲ್ಲ ನಂಗೆ," ಎಂದ ಕೊನೆಗೆ.

"ಗೊತ್ತು."

"ನಿಮ್ ಉಗುರಿನ್ ಗುರ್ತು ಇನ್ನೂ ಐತೆ ಅಂಗೈ ಮೇಲೆ. ದಿನಾ ನೋಡ್ಕೋತೀನಿ." ಅವನ ಕೈ ಕತ್ತಲಲ್ಲಿ ತಡಕಾಡಿ ಅವಳ ಕೈಯನ್ನು ಹಿಡಿಯಿತು. "ನಿಮ್ಮಪ್ಪ ಆಚೆ ಟಿವಿಎಸ್ ಮೇಲೆ ಕೂತವ್ರೆ. ಚಾಪೆನೇ ನೋಡ್ತಾವ್ರೆ. ಅದ್ರ ಮೇಲೆ ಈಗ ಎರಡ್ ಜೊತೆ ಚಪ್ಪಲಿ."

"ಅಯ್ಯೋ. ಈಗೇನ್ ಮಾಡೋದು?"

"ನಂಗೂ ಹೆದ್ರುಕೆ ಆಗ್ತಾ ಐತೆ," ಎಂದ ಅವನು. "ಕೈ ಬುಡ್ಬೇಡಿ."