ಬಿಳಿ ಹಿನ್ನೆಲೆಯ ಚಿಟ್ಟೆ

"ಅಲ್ಲಾಡಬೇಡಿ!"

ಹಿಂದೆ ಬಂದು ನಿಂತವನಿಗೆ ಅವಳು ಪಿಸುಗುಟ್ಟಿದಳು. ಅಷ್ಟರಲ್ಲಿ ಅವನ ಹೆಗಲ ಚೀಲದ ಸ್ಪ್ಯಾನರುಗಳು ಝಣ್ ಎಂದುಬಿಟ್ಟವು. ಕೆರೆಯಂಚಿನ ಒಣಕೊಂಬೆಯ ಮೇಲಿದ್ದ ಮಿಂಚುಳ್ಳಿ ನೀರಿನ ಮೇಲೆ ನೀಲಿ ಗೆರೆ ಎಳೆದು ಮಾಯವಾಯಿತು.

ಹಾರಿಹೋಯ್ತಲ್ಲ!

ಬೆಳಕು ಹರಿಯುವ ಮುಂಚಿನಿಂದ ಹುಲ್ಲಿನಲ್ಲಿ ಬೋರಲು ಮಲಗಿದ್ದಳು. ಮೊಣಕೈ ಮರಗಟ್ಟಿತ್ತು. ಕಾಲರಿನೊಳಗೆ ಇರುವೆ ಇಳಿದಿತ್ತು. ಎಲ್ಲವನ್ನೂ ಸಹಿಸಿದ್ದು ಆ ಒಂದು ಗಳಿಗೆಗಾಗಿ.

"ಏನ್ರೀ ನೀವು! ಕಣ್ಣು ಕಾಣಲ್ವಾ?"

"ಕಾಣುತ್ತೆ. ಆದ್ರೆ ಹುಲ್ಲಲ್ಲಿ ಒಬ್ರು ಹಂಗೆ ಬಿದ್ದಿದ್ರೆ ಹಕ್ಕಿ ಕಡೆ ಯಾರು ನೋಡ್ತಾರೆ? ನಾನು... ಏನೋ ಆಗ್ಹೋಗಿದೆ ಅಂದ್ಕೊಂಡು ಓಡಿ ಬಂದೆ."

"ಸತ್ತುಬಿದ್ದಿದೀನಿ ಅಂತಾನಾ?"

"ಅಯ್ಯೋ, ಬಿಡ್ತು ಅನ್ನಿ!"

ಅವನ ಮುಖ ನಿಜವಾಗಿಯೂ ಬಿಳಿಚಿತ್ತು. ಎದೆ ಏರಿಳಿಯುತ್ತಿತ್ತು. ಕೊರಳಲ್ಲಿ ಹಳೆಯದೊಂದು ಕ್ಯಾಮೆರಾ. ಅವಳಿಗೆ ನಗು ಬಂತು. ನಗು ಬಂತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

"ಕ್ಯಾಮೆರಾ ಹಿಡಿದು ಬರೋರಿಗೆ ನಮ್ಮ ತಂಡದಲ್ಲಿ ಮೂರು ನಿಯಮ. ಮುಟ್ಟಬಾರದು, ಮುಚ್ಚಬಾರದು, ಅಲುಗಿಸಬಾರದು. ಹಕ್ಕಿ, ಹುಳ, ಚಿಟ್ಟೆ ಎಲ್ಲ ಇದ್ದ ಜಾಗದಲ್ಲಿ ಇದ್ದ ಹಾಗೆ ಇರ್ಬೇಕು. ಕಾಯೋದಷ್ಟೇ ನಮ್ಮ ಕೆಲಸ."

"ಎಷ್ಟು ಹೊತ್ತು?"

"ಅದು ಬರೋವರೆಗೆ."

"ಕಾಯೋಣ ಬಿಡಿ. ನಂದು ಫ್ರಿಜ್ ರಿಪೇರಿ. ಬಿಡಿಭಾಗಕ್ಕೆ ಕಾದೂ ಕಾದೂ ಇದೆಲ್ಲ ಅಭ್ಯಾಸ ಆಗಿದೆ."

ಮಿಂಚುಳ್ಳಿ ಮರಳಿ ಬಂತು. ಇಬ್ಬರೂ ಒತ್ತಿದರು. ಅವನ ಚಿತ್ರದಲ್ಲಿ ಹಕ್ಕಿಯೇ ಇರಲಿಲ್ಲ, ಎಗರಿದ ನೀರಷ್ಟೇ ಇತ್ತು. ಆದರೂ ಅವನು ಕುಣಿದಾಡಿದ. "ಇಗೋ, ಈ ನೀರು ನೋಡಿ! ಈಗಷ್ಟೇ ಇಲ್ಲಿತ್ತು!"

ಇಲ್ಲದ ಹಕ್ಕಿಗೆ ಇಷ್ಟು ಖುಷಿಪಡುವ ಮನುಷ್ಯನನ್ನು ಅವಳು ನೋಡಿರಲಿಲ್ಲ.

ಹಾಗೆ ಫ್ರಿಜ್ ಮೆಕ್ಯಾನಿಕ್ ಅವರ ಭಾನುವಾರದ ತಂಡ ಸೇರಿದ. ತಂಡವೆಂದರೆ ಒಬ್ಬ ಬಸ್ ಕಂಡಕ್ಟರು, ಇಬ್ಬರು ನರ್ಸುಗಳು, ಎಲ್ಲರಿಗೂ ಹಿರಿಯರಾದ ಬೈನಾಕ್ಯುಲರ್ ಅಂಕಲ್, ಮತ್ತು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಅವಳು. ಯಾರೂ ಇದರಲ್ಲಿ ಹೊಟ್ಟೆ ಹೊರೆಯುವವರಲ್ಲ. ಹತ್ತು ಚಿತ್ರ ತೆಗೆದರೆ ಒಂಬತ್ತರಲ್ಲಿ ಬರೀ ಕೊಂಬೆ. ಹತ್ತನೆಯದರಲ್ಲಿ ಚಿಟ್ಟೆಯ ಸುರುಳಿ ನಾಲಿಗೆ ಹೂವಿನೊಳಗೆ ಇಳಿಯುವುದು ಕಂಡರೆ, ಇಡೀ ವಾರದ ದಣಿವು ಇಳಿದುಹೋಗುತ್ತಿತ್ತು.

"ಚಿಟ್ಟೆ ಗೂಡಿನಿಂದ ಹೊರಗೆ ಬರೋದನ್ನ ಮಾತ್ರ ನಾನು ಒಂದ್ಸಲಾನೂ ನೋಡಿಲ್ಲ" ಎಂದಿದ್ದಳು ಒಂದು ದಿನ. "ನಾನು ಹೋಗೋ ಹೊತ್ತಿಗೆ ಖಾಲಿ ಸಿಪ್ಪೆ ನೇತಾಡ್ತಿರುತ್ತೆ."

ಅವನು ಅವಳನ್ನೇ ನೋಡಿದ.

ಮನೆಯಲ್ಲಿ ಅಕ್ಕ ಬಿಡಬೇಕಲ್ಲ! "ಭಾನುವಾರ ಬಂದ್ರೆ ನಿನ್ನ ಮುಖಕ್ಕೆ ಬಲ್ಬ್ ಹಾಕ್ದಂಗಿರುತ್ತೆ. ಯಾವ ಹಕ್ಕಿ ಅದು?"

"ಮಿಂಚುಳ್ಳಿ."

"ಎರಡು ಕಾಲಿಂದಾ?"

"ಎಲ್ಲ ಹಕ್ಕಿಗೂ ಎರಡೇ ಕಾಲು ಕಣೇ, ಅಕ್ಕ!"

ಒಳಗೊಳಗೆ ಮಾತ್ರ ಭಯ. ಅವಳಿಗೆ ಕ್ಯಾಮೆರಾ ಹಿಡಿಯಲು ಕಲಿಸಿದಾತನ ಚಿಟ್ಟೆಗಳು ಊರಲ್ಲೆಲ್ಲ ಹೆಸರಾಗಿದ್ದವು. ಮೈಮೇಲೆ ಮಂಜುಹನಿ, ಕದಲದ ರೆಕ್ಕೆ! ಒಮ್ಮೆ ಅವನ ಮನೆಯಲ್ಲಿ ನೀರಿಗೆಂದು ಫ್ರಿಜ್ ತೆರೆದಾಗ ಸಾಲಾಗಿ ಚಿಟ್ಟೆಗಳನ್ನು ಮುಚ್ಚಿಟ್ಟ ಡಬ್ಬಿಗಳಿದ್ದವು. ಚಳಿಗೆ ಮರಗಟ್ಟಿದ ಚಿಟ್ಟೆ ಹಾರುವುದಿಲ್ಲ, ಕೂರಿಸಿದಲ್ಲಿ ಕೂರುತ್ತದೆ, ಚಿತ್ರಕ್ಕೆ ಅನುಕೂಲ. ಅವಳು ಅಂಗೈಯಲ್ಲಿಟ್ಟು ಉಸಿರು ಕೊಟ್ಟ ಒಂದು ಚಿಟ್ಟೆ ಮತ್ತೆ ಏಳಲೇ ಇಲ್ಲ. ಕಲಿಸಿದವನನ್ನು ಅವಳು ಅಂದೇ ಬಿಟ್ಟಳು. ಆ ತಣ್ಣನೆಯ ಭಾರ ಮಾತ್ರ ಅಂಗೈ ಬಿಡಲಿಲ್ಲ.

ಅದಕ್ಕೇ ಆ ಬೆಳಿಗ್ಗೆ ಅವಳು ಏನೂ ಕೇಳದೆ ತಿರುಗಿ ಬಂದದ್ದು.

ಕೆರೆಯ ಬಳಿ ಮುರಿದ ಅವನ ಕನ್ನಡಕ ಸರಿ ಮಾಡಿ, ಕೊಡುವ ನೆಪದಲ್ಲಿ ಅವನ ರಿಪೇರಿ ಅಂಗಡಿಗೆ ಹೋಗಿದ್ದಳು. ಶಟರ್ ಅರ್ಧ ಇಳಿದಿತ್ತು. ಬಗ್ಗಿ ನೋಡಿದಳು. ಅವನು ಬೆನ್ನು ತಿರುಗಿಸಿ ಕೂತಿದ್ದ. ಮುಂದೆ ಟ್ರೈಪಾಡ್. ಅದರ ಮುಂದೆ ಫ್ರಿಜ್ಜಿನ ಬಿಳಿ ಒಳಗೋಡೆ, ತಟ್ಟೆಯ ಮೇಲೊಂದು ಚಿಟ್ಟೆ. ಅದು ಕದಲುತ್ತಿರಲಿಲ್ಲ.

"ಅಲ್ಲಾಡಬೇಡ... ಇನ್ನೊಂದು ಸ್ವಲ್ಪ ಹೊತ್ತು..." ಅವನು ಮುದ್ದಿನಿಂದ ಹೇಳುತ್ತಿದ್ದ.

ಇವನೂನಾ?

ಕನ್ನಡಕವನ್ನು ಮೆಟ್ಟಿಲ ಮೇಲಿಟ್ಟು ಸದ್ದಿಲ್ಲದೆ ಹೊರಟುಬಂದಳು.

ಆ ವಾರವೇ ಗ್ರಂಥಾಲಯದ ಹಾಲಿನಲ್ಲಿ ತಂಡದ ಪ್ರದರ್ಶನ. ಅವನ ಚಿತ್ರದ ಮುಂದೆಯೇ ಜನ. ಹಳದಿ ಚುಕ್ಕೆಗಳ ಕಪ್ಪು ಚಿಟ್ಟೆ, ಪೂರ್ತಿ ಬಿಚ್ಚಿದ ರೆಕ್ಕೆ, ಹಿಂದೆ ಕಲೆಯಿಲ್ಲದ ಬಿಳುಪು.

"ಮೊದಲ ಬಹುಮಾನ ಇದಕ್ಕೇ ಕೊಡೋಣ್ವಾ, ಏನಮ್ಮಾ?" ಚಿತ್ರಗಳನ್ನು ಪರಿಶೀಲಿಸುವ ಹೊಣೆ ಹೊತ್ತ ಅವಳನ್ನು ಬೈನಾಕ್ಯುಲರ್ ಅಂಕಲ್ ಕೇಳಿದರು.

ಅವನು ಅವಳತ್ತ ನೋಡಿ ನಕ್ಕ. ಏನೋ ಗುಟ್ಟು ಹೇಳಲು ಕಾದವನ ನಗು ಅದು. ಆ ನಗುವೇ ಅವಳನ್ನು ಕೆರಳಿಸಿತು.

"ಇದು ಚಿಟ್ಟೇನ ಫ್ರಿಜ್ಜಲ್ಲಿಟ್ಟು ತೆಗೆದ ಚಿತ್ರ. ನಾನೇ ಕಣ್ಣಾರೆ ನೋಡ್ದೆ."

ಜನ ಚಿತ್ರ ಬಿಟ್ಟು ಅವನತ್ತ ತಿರುಗಿದರು.

"ಏನಪ್ಪಾ, ನಿಜವೇನೋ?"

ಅವನ ನಗು ನಿಧಾನವಾಗಿ ಆರಿತು. "ಫ್ರಿಜ್ ಒಳಗೇ ಇತ್ತು ಅಂಕಲ್. ಅದು ನಿಜ."

ತಾನೇ ಚಿತ್ರವನ್ನು ಮೊಳೆಯಿಂದ ಬಿಡಿಸಿಕೊಂಡ. ಹೋಗುವಾಗ ಅವಳಿಗಷ್ಟೇ ಕೇಳುವಂತೆ ಹೇಳಿದ. "ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳಲಿಲ್ಲ... ತೀರ್ಪು ಕೊಟ್ರಿ."

ಮುಂದಿನ ಭಾನುವಾರ ಅವನು ಬರಲಿಲ್ಲ. ಮಿಂಚುಳ್ಳಿ ಬಂತು, ಅದೇ ಕೊಂಬೆಯಲ್ಲಿ ಕೂತಿತು. ಅವಳು ಕ್ಯಾಮೆರಾ ಎತ್ತಲಿಲ್ಲ. ತಪ್ಪು ಮಾಡಿದವನು ಅವನು... ಶಿಕ್ಷೆ ತನಗೇಕೆ?

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ವಯಸ್ಸಾದ ಹೆಂಗಸೊಬ್ಬರು ಕಣ್ಣು ತೋರಿಸಲು ಬಂದರು. ಅವಳು ಪರೀಕ್ಷೆಯ ಫ್ರೇಮ್ ತೊಡಿಸಿ, "ಮೂರನೇ ಸಾಲು ಓದಿ ಅಮ್ಮಾ" ಎಂದಳು.

"ಓದ್ತೀನಿ ಇರು, ಮೊದಲು ನನ್ನ ಹೊಟ್ಟೆಯುರಿ ಕೇಳು. ನಮ್ಮ ಫ್ರಿಜ್ ರಿಪೇರಿಗೆ ಕೊಟ್ಟು ಎಷ್ಟು ಕಾಲ ಆಯ್ತು! ಬಿಡಿಭಾಗ ಬಂದು ಕೂತಿದ್ರೂ ಆ ಹುಡುಗ ಕೊಡ್ತಿಲ್ಲ. ಯಾಕೆ ಅಂದ್ರೆ ಒಳಗೆ ಹುಳ ಇದೆಯಂತೆ!"

ಲೆನ್ಸ್ ಬದಲಿಸುತ್ತಿದ್ದ ಅವಳ ಕೈ ನಿಂತಿತು.

"ಹುಳಾನಾ?"

"ಬಾಗಿಲು ಬಿಚ್ಚಿ ಹಿತ್ತಲ ಕಡೆ ಇಟ್ಟಿದ್ನಂತೆ. ಪಕ್ಕದ ನಿಂಬೆ ಕುಂಡದಿಂದ ಹತ್ಕೊಂಡು ಬಂದು ಎರಡು ಗೂಡು ಕಟ್ಟಿವೆ. ಒಂದು ಚಿಟ್ಟೆಯಾಗಿ ಹೋಯ್ತು, ಇನ್ನೊಂದು ಬಾಕಿ. 'ಮುಟ್ಟಬಾರದು, ಮುಚ್ಚಬಾರದು, ಅಲುಗಿಸಬಾರದು ಅಮ್ಮಾ' ಅಂತ ನನಗೇ ಪಾಠ! ಯಾವಳೋ ಪುಣ್ಯಾತ್ಗಿತ್ತಿ ಹೇಳಿಕೊಟ್ಟಿದಾಳೆ. ಅವಳ ಮನೆ ಫ್ರಿಜ್ ಕೈಬಿಟ್ಟು ಹೋಗ್ಲಿ, ಆಗ ಗೊತ್ತಾಗುತ್ತೆ!"

"ಬಾಗಿಲೇ... ಇಲ್ವಾ? ಕರೆಂಟು?"

"ಬಾಗಿಲಿಲ್ಲದ ಪೆಟ್ಟಿಗೆಗೆ ಕರೆಂಟು ಕೊಟ್ಟು ಬೀದಿ ತಣ್ಣಗೆ ಮಾಡ್ತಾರೇನೇ?"

ತೆರೆದ ಬಾಗಿಲು ಎಂದುಕೊಂಡಿದ್ದಳು. ಬಾಗಿಲೇ ಇರಲಿಲ್ಲ. ಮರಗಟ್ಟಿದ ಚಿಟ್ಟೆ ಎಂದುಕೊಂಡಿದ್ದಳು. ಅದು ಆಗತಾನೇ ಹುಟ್ಟಿ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು! ಊರಿನವರಿಗೆಲ್ಲ ಕನ್ನಡಕ ಕೊಡುವ ತಾನು ಎಂಥ ಕುರುಡಿ...

"ಇವತ್ತು ಬಿಡಲ್ಲ" ಎಂದರು ಆಕೆ. "ನನ್ನ ಮಗ ಗಾಡಿ ತಗೊಂಡು ಹೊರಟಿದಾನೆ. ಹುಳ ಇದ್ರೆ ಕೊಡವಿ ಎತ್ಕೊಂಡ್ ಬಾ ಅಂದಿದೀನಿ."

ಅವಳು ಓಡಿದಳು.

"ಏ ಹುಡುಗೀ! ನನ್ನ ಕಣ್ಣು!"

ಅಂಗಡಿ ತಲುಪುವಾಗ ಫ್ರಿಜ್ಜಿಗೆ ಹಗ್ಗ ಬಿಗಿದಾಗಿತ್ತು. ಮಗ ಒಂದು ಬದಿ ಹಿಡಿದಿದ್ದ, ಹಮಾಲಿ ಇನ್ನೊಂದು ಬದಿ. ಮೆಕ್ಯಾನಿಕ್ ನಡುವೆ ನಿಂತು ಅಂಗಲಾಚುತ್ತಿದ್ದ.

"ಇನ್ನೊಂದು ಗಂಟೆ ಅಣ್ಣಾ. ಗೂಡು ಕಪ್ಪಾಗಿದೆ, ಈಗಲೋ ಆಗಲೋ ಅಂತಿದೆ. ಬಿದ್ರೆ ಮಡಿಸಿದ ರೆಕ್ಕೆ ಹಾಗೇ ಒಣಗಿಬಿಡುತ್ತೆ. ಆಮೇಲೆ ಜನ್ಮದಲ್ಲಿ ಹಾರಲ್ಲ."

"ನಮ್ಮಮ್ಮ ನನ್ನ ರೆಕ್ಕೆ ಕತ್ತರಿಸ್ತಾಳೆ, ಅದಕ್ಕೇನು ಮಾಡ್ಲಿ? ಎತ್ತಯ್ಯಾ!"

ಫ್ರಿಜ್ ಒಂದು ಕಡೆಗೆ ವಾಲಿತು.

"ಅಲ್ಲಾಡಿಸಬೇಡಿ!"

ಮೂವರೂ ತಿರುಗಿದರು. ಅವಳ ಕೂದಲು ಕೆದರಿತ್ತು, ಕೈಯಲ್ಲಿ ಇನ್ನೂ ಒಂದು ಲೆನ್ಸ್ ಇತ್ತು.

"ನಿಮಗೆ ಬೇಕಾಗಿರೋದು ಫ್ರಿಜ್ ತಾನೇ? ನಮ್ಮನೇದು ತಗೊಂಡ್ಹೋಗಿ. ಇದು ಬರೋವರೆಗೆ ಇಟ್ಕೊಳ್ಳಿ." ಉತ್ತರಕ್ಕೆ ಕಾಯದೆ ಫೋನ್ ಕಿವಿಗಿಟ್ಟಳು. "ಅಕ್ಕಾ, ಫ್ರಿಜ್ ಖಾಲಿ ಮಾಡು."

"ತಲೆ ಕೆಟ್ಟಿದೆಯೇನೇ? ನಿನ್ನೆ ತಾನೇ ಹಾಲು..."

"ಅಕ್ಕಾ, ಪ್ಲೀಸ್!"

ಅಕ್ಕನ ದನಿ ಇಳಿಯಿತು. "ಎರಡು ಕಾಲಿನ ಹಕ್ಕಿ ವಿಷಯವೇನೇ?"

"...ಹೂಂ."

"ಹಾಗಾದ್ರೆ ಕಳಿಸು ಗಾಡೀನ!"

ಗಾಡಿ ಹೋಯಿತು. ಹಿತ್ತಲ ಬಾಗಿಲಿನಿಂದ ಬಿಸಿಲು ಬರುತ್ತಿತ್ತು. ಫ್ರಿಜ್ಜಿನೊಳಗಿನ ತಟ್ಟೆಯ ಅಂಚಿನಲ್ಲಿ ಒಣಗಿದ ಎಲೆಯಂಥ ಪುಟ್ಟ ಗೂಡು, ಕೂದಲೆಳೆಯಂಥ ದಾರದಲ್ಲಿ ಹಾಗೇ ನಿಂತಿತ್ತು.

ಅವನು ಅವಳ ಕಡೆ ನೋಡಲಿಲ್ಲ.

"ತಪ್ಪಾಯ್ತು" ಎಂದಳು. "ಹಿಂದೆ ಒಬ್ಬ ಹಾಗೆ ಮಾಡ್ತಿದ್ದ. ನಿಮ್ಮಲ್ಲಿ ಅವನನ್ನೇ ಕಂಡೆ. ಎಲ್ಲರ ಮುಂದೆ ಅಂದೆ, ಎಲ್ಲರ ಮುಂದೇನೇ ಕ್ಷಮೆ ಕೇಳ್ತೀನಿ. ಅಂಕಲ್‌ಗೆ ಈಗ್ಲೇ ಫೋನ್ ಮಾಡ್ಲಾ?"

"ಇವತ್ತು ಬೇಡ. ಎಲ್ರೂ ಇಲ್ಲಿಗೆ ಬಂದುಬಿಡ್ತಾರೆ."

"ಬಂದ್ರೆ?"

"ಇದನ್ನ ಎಲ್ಲರಿಗೆ ಅಂತ ಕಾಪಾಡಿದ್ದಲ್ಲ." ಅವನ ದನಿ ಒರಟಾಗಿತ್ತು. "ಅವತ್ತು ಬಾಯಿ ಬಿಟ್ಟಿದ್ರೆ ಸಂಜೆಗೆ ಇಡೀ ತಂಡ ಇಲ್ಲಿರ್ತಿತ್ತು. ನೋಡಿಲ್ಲ ಅಂದಿದ್ರಲ್ಲ... ನೀವೊಬ್ರು ನೋಡ್ಲಿ ಅಂತಿತ್ತು. ಕೋಪಾನೂ ಇತ್ತು, ಸುಳ್ಳು ಯಾಕೆ ಹೇಳ್ಲಿ. ಮೂರು ಸಲ ನಿಮ್ಮ ಅಂಗಡಿವರೆಗೆ ಬಂದು ವಾಪಸ್ ಹೋದೆ."

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲೇ...

ಗೂಡಿನ ಬೆನ್ನು ಸೀಳಿತು!

ಮೊದಲು ತಲೆ, ಆಮೇಲೆ ನಡುಗುವ ಕಾಲುಗಳು. ಒದ್ದೆ ಬಟ್ಟೆಯಂತೆ ಮುದ್ದೆಯಾದ ರೆಕ್ಕೆ. ಅವನು ತನ್ನ ಕ್ಯಾಮೆರಾವನ್ನು ಅವಳ ಕೈಗೆ ತುರುಕಿದ. ಅವಳು ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಫೋಕಸ್ ಸಿಗದೆ ಎಲ್ಲವೂ ಮಸುಕು.

"ಒಂದೂ ಸರಿ ಬಂದಿಲ್ಲ..." ಅಳುತ್ತ ನಕ್ಕಳು.

ಅವನು ಪರದೆಯ ಮೇಲಿನ ಮಸುಕನ್ನು ತುಂಬ ಹೊತ್ತು ನೋಡಿದ. "ಇಗೋ ಇಲ್ಲಿದೆಯಲ್ಲ" ಎಂದ. ಪ್ರದರ್ಶನದ ದಿನದ ನಂತರ ಮೊದಲ ಬಾರಿ ಅವನ ಮುಖ ಸಡಿಲಾಯಿತು.

"ಅವತ್ತು ಕೇಳಲಿಲ್ಲ. ಇವತ್ತು ಕೇಳ್ತೀನಿ." ಅವಳು ಕಣ್ಣೊರೆಸಿಕೊಂಡಳು. "ನನ್ನ ಮೇಲೆ ಇಷ್ಟ... ಇನ್ನೂ ಇದೆಯಾ?"

"ಕಾಯೋದು ನಿಮ್ಮ ಕೆಲಸ ಅಲ್ವಾ?"

"ಎಷ್ಟು ಹೊತ್ತು?"

"ಅದರ ರೆಕ್ಕೆ ಒಣಗೋವರೆಗೆ."

ಕಾದಳು. ಜೀವಮಾನದಲ್ಲೇ ಅಷ್ಟು ದೀರ್ಘವಾಗಿ ಯಾವ ಹಕ್ಕಿಗೂ ಕಾದಿರಲಿಲ್ಲ. ರೆಕ್ಕೆ ಇಷ್ಟಿಷ್ಟೇ ಬಿಚ್ಚಿಕೊಂಡಿತು, ಬಿಗಿಯಾಯಿತು, ಒಮ್ಮೆ ತೆರೆದು ಮುಚ್ಚಿತು. ಮತ್ತೆ ಬಾಗಿಲಿಲ್ಲದ ಫ್ರಿಜ್ಜಿನಿಂದ ಎದ್ದು, ನಿಂಬೆ ಕುಂಡದ ಮೇಲೊಂದು ಸುತ್ತು ಹಾಕಿ, ಬಿಸಿಲಿಗೆ ಹೋಯಿತು.

"ಇದೆ ಕಣೇ" ಎಂದ ಅವನು.

ಅವಳು ತಲೆ ಎತ್ತಿದಳು. 'ನೀವು' ಹೋಗಿ 'ಕಣೇ' ಬಂದಿತ್ತು. ಕಿವಿಯವರೆಗೂ ಬಿಸಿಯೇರಿತು.

"ಮೊದಲನೇ ನಿಯಮ ಏನು, ಹೇಳು ನೋಡೋಣ."

"ಮುಟ್ಟಬಾರದು."

"ಅದು ಹಕ್ಕಿಗೆ... ಚಿಟ್ಟೆಗೆ" ಎಂದು ಅವಳು ಕೈ ಚಾಚಿದಳು.