ಪಟಾಕಿಯ ಕೊನೆಯ ಸದ್ದು

ಬೆಂಕಿ ಆರಿಸಿದ ನೀರು ಇನ್ನೂ ಕಾರ್ ಶೆಡ್ಡಿನಿಂದ ಬೀದಿಗೆ ಹರಿಯುತ್ತಿತ್ತು. ಒಳಗೆ ಸುಟ್ಟು ಕರಕಲಾದ ಸ್ಪೋರ್ಟ್ಸ್ ಕಾರು. ಅದರ ಬಾಗಿಲ ಪಕ್ಕದಲ್ಲೇ ಬಿದ್ದಿದ್ದ ಶವಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು.

ಸತ್ತವನನ್ನು ಆ ಬೀದಿಯವರು ಪಟಾಕಿ ಎಂದೇ ಕರೆಯುತ್ತಿದ್ದರು. ಅವನ ಟರ್ಬೊ ಕಾರು ಹಾಗಿತ್ತು. ಜೋರಾಗಿ ಓಡಿಸುತ್ತ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಹಿಂದಿನ ಕೊಳವೆಯಿಂದ ಢಂ ಢಂ ಎಂದು ಸದ್ದು, ಜೊತೆಗೆ ಗೇಣುದ್ದದ ಬೆಂಕಿ. ಅವನು ಅಕ್ಕನ ಮನೆಗೆ ಬಂದನೆಂದರೆ ಬೀದಿಗೆ ಬೀದಿಯೇ ಕಿವಿ ಮುಚ್ಚಿಕೊಳ್ಳುತ್ತಿತ್ತು. ಈಗ ಅದೇ ಜನ ಗೇಟಿನ ಹೊರಗೆ ನಿಂತು, ಒಂದಲ್ಲ ಒಂದು ದಿನ ಹೀಗಾಗುತ್ತದೆಂದು ಗೊತ್ತಿತ್ತು ಎಂದು ಪಿಸುಗುಟ್ಟುತ್ತಿದ್ದರು. ಸತ್ತವನ ಮೇಲೂ ಸಿಟ್ಟು ತೀರಿರಲಿಲ್ಲ.

ಇನ್‌ಸ್ಪೆಕ್ಟರ್‌ಗೆ ಅವರನ್ನು ಕಂಡು ಮೈ ಉರಿಯಿತು. ಆದರೆ ಮೊದಲ ದಿನ ಆಕೆಗೂ ಅನುಮಾನ ಬರಲಿಲ್ಲ.

ಸತ್ತವನ ಭಾವ, ಅಂದರೆ ಅಕ್ಕನ ಗಂಡ, ತಡವರಿಸದೆ ಹೇಳಿಕೆ ಕೊಟ್ಟ. ಕ್ಯಾನಿನಿಂದ ಟ್ಯಾಂಕಿಗೆ ಸುರಿಯುವಾಗ ಪೆಟ್ರೋಲ್ ನೆಲಕ್ಕೆ ಚೆಲ್ಲಿತ್ತಂತೆ. ತಾನೂ ಹೆಂಡತಿಯೂ ಮಹಡಿಯಲ್ಲಿದ್ದರಂತೆ. ತಾನು ಮೆಟ್ಟಿಲಿಳಿದು ಬರುತ್ತಿದ್ದಾಗ ಎಲ್ಲ ಮುಗಿದುಹೋಯಿತಂತೆ.

“ಸ್ಟಾರ್ಟ್ ಮಾಡಿ ರೇಸ್ ಕೊಟ್ಟ. ಢಂ ಅಂತು. ಹಿಂದಿನಿಂದ ಬೆಂಕಿ ಬಂತು, ನೆಲ ಹೊತ್ಕೊಳ್ತು. ಇಳಿದು ಓಡೋಕೆ ಹೋಗಿ ಬಿದ್ದ.”

ನೆರೆಯವರೂ ಸದ್ದು ಕೇಳಿದ್ದರು. ತಲೆಯ ಪೆಟ್ಟು ಬೀಳುವಾಗ ಆಗಿರಬಹುದೆಂದು ವೈದ್ಯರೂ ಅಂದರು. ಅಕ್ಕ ಮಗುವನ್ನು ಎದೆಗವಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಏನು ಕೇಳಿದರೂ ಗಂಡನ ಮುಖ ನೋಡುತ್ತಿದ್ದಳು. ಉತ್ತರ ಅವನೇ ಕೊಡುತ್ತಿದ್ದ.

ಕಾರು ಬೆಂಕಿಯುಗುಳುವ ಹಾಗೆ ಮಾಡಿಕೊಟ್ಟಿದ್ದ ಮೆಕ್ಯಾನಿಕ್‌ನನ್ನು ಮರುದಿನ ಬೆಳಿಗ್ಗೆ ಹಿಡಿದು ತಂದರು. ಸಾವಿಗೆ ಅವನೇ ಹೊಣೆ ಎಂದು ಕೇಸು ಬರೆಯುವುದೊಂದೇ ಬಾಕಿ.

* * *

ಮೆಕ್ಯಾನಿಕ್ ಪಟಾಕಿಯ ಗೆಳೆಯ. ಅತ್ತು ಅತ್ತು ಕಣ್ಣು ಊದಿದ್ದವು. ಲಾಕಪ್ಪಿನ ಕಂಬಿ ಹಿಡಿದು ಹೇಳಿದ್ದನ್ನೇ ಹೇಳುತ್ತಿದ್ದ.

“ಆ ಕಾರು ಬೆಂಕಿ ಉಗುಳೋಕೆ ಸಾಧ್ಯನೇ ಇಲ್ಲ ಮೇಡಂ. ಮೊನ್ನೆ ನಾನೇ ಎಲ್ಲಾ ಬದಲಾಯಿಸಿ ಕೊಟ್ಟಿದ್ದೆ.”

ಹೆಡ್ ಕಾನ್‌ಸ್ಟೇಬಲ್ ನಕ್ಕ. ಸಿಕ್ಕಿಬಿದ್ದವರೆಲ್ಲ ಹಾಡುವ ಹಾಡೇ ಇದು ಎಂದ. ಇನ್‌ಸ್ಪೆಕ್ಟರ್ ನಗಲಿಲ್ಲ. ಕಾರಿನಡಿ ಇಣುಕಿದರೆ ಬಯಲಾಗುವ ಸುಳ್ಳನ್ನು ಯಾವ ಮೆಕ್ಯಾನಿಕ್ ಹೇಳುತ್ತಾನೆ? ಬಿಡಿಸಿ ಹೇಳು ಎಂದಳು.

ಎಂಜಿನ್ನಿನಲ್ಲಿ ಸುಡದೆ ಉಳಿದ ಪೆಟ್ರೋಲ್ ಕಾದ ಕೊಳವೆಯಲ್ಲಿ ಹೊತ್ತಿಕೊಂಡರೆ ಆ ಸದ್ದು, ಆ ಬೆಂಕಿ. ಅದಕ್ಕೆಂದೇ ಅವನು ಕಾರಿನ ಕಂಪ್ಯೂಟರ್ ತಿದ್ದಿ, ಬೆಂಕಿಯ ದಾರಿಗೆ ಅಡ್ಡವಿದ್ದ ಕನ್ವರ್ಟರ್ ಎಂಬ ಡಬ್ಬಿಯನ್ನೂ ಸೈಲೆನ್ಸರನ್ನೂ ಕಿತ್ತುಹಾಕಿದ್ದ. ಮೊನ್ನೆ ಪಟಾಕಿ ಬಂದು ಎಲ್ಲವನ್ನೂ ಮೊದಲಿನಂತೆ ಮಾಡಿಸಿಕೊಂಡು ಹೋಗಿದ್ದ.

“ಯಾಕಂತೆ?”

“ಬೆಕ್ಕಿನ ಹಾಗೆ ಓಡ್ಬೇಕು, ಯಾಕೆ ಅಂತ ಕೇಳ್ಬೇಡ ಅಂದ. ಆ ಸದ್ದಂದ್ರೆ ಪ್ರಾಣ ಅವ್ನಿಗೆ ಮೇಡಂ.”

* * *

ಇನ್‌ಸ್ಪೆಕ್ಟರ್ ಶೆಡ್ಡಿನ ಬೀಗ ತೆಗೆಸಿದಳು. ಕಾರನ್ನು ಜಾಕ್ ಮೇಲೆ ಎತ್ತಿಸಿ, ಟಾರ್ಚ್ ಹಿಡಿದು ಅಂಗಾತ ಮಲಗಿ ಅಡಿಗೆ ನುಸುಳಿದಳು. ಕನ್ವರ್ಟರ್ ಇತ್ತು. ಸೈಲೆನ್ಸರ್ ಇತ್ತು. ಒಂದು ಬೋಲ್ಟ್ ಬಿಚ್ಚಿಸಿದಳು. ಹೊರಗೆ ಮಸಿ, ಒಳಗಿನ ತಿರುಪು ಹೊಚ್ಚ ಹೊಸದು. ಮೆಕ್ಯಾನಿಕ್ ಹೇಳಿದ್ದು ನಿಜ.

ಹಾಗಾದರೆ ಬೀದಿಯವರು ಕೇಳಿದ್ದೇನು? ಹೊರಬಂದು ಚಕ್ರಗಳನ್ನು ನೋಡಿದಳು. ಟೈರುಗಳೆಲ್ಲ ಸಿಡಿದು ಸೀಳಿಹೋಗಿದ್ದವು. ಎದುರು ಮನೆಯ ಅಜ್ಜಿಯನ್ನು ಕೇಳಿದಾಗ ಮೊದಲು ಹೊಗೆ ಕಂಡೆ, ಆಮೇಲೆ ಢಂ ಎಂದಿತು ಎಂದರು. ಯಾವುದು ಮೊದಲೆಂದು ಅವರನ್ನು ಯಾರೂ ಕೇಳಿರಲೇ ಇಲ್ಲ. ಕಾವಿಗೆ ಟೈರು ಸಿಡಿದದ್ದನ್ನು ಜನ ಕಾರಿನ ಸದ್ದು ಎಂದುಕೊಂಡಿದ್ದರು. ಪಟಾಕಿಯ ಕಾರಲ್ಲವೇ, ಇನ್ನೇನು ತಾನೆ ಕೇಳಿಸೀತು?

ಡಿಕ್ಕಿಯನ್ನು ಮೀಟಿ ತೆಗೆದರು. ಅರ್ಧ ಸುಟ್ಟ ಚೀಲ. ಒಳಗೆ ಹೆಂಗಸಿನ ಬಟ್ಟೆ, ಹಾಲಿನ ಬಾಟಲಿ, ಮಗುವಿನ ಕಾಲುಚೀಲ. ಮದುವೆಯೇ ಆಗದವನ ಕಾರಿನಲ್ಲಿ ಇವು.

* * *

“ಇನ್ನೊಂದ್ಸಲ ಹೇಳಿ. ಬೆಂಕಿ ಎಲ್ಲಿಂದ ಬಂತು?” ಗಂಡ ಹೆಂಡತಿ ಇಬ್ಬರನ್ನೂ ಸ್ಟೇಷನ್ನಿಗೆ ಕರೆಸಿ ಕೇಳಿದಳು ಇನ್‌ಸ್ಪೆಕ್ಟರ್.

“ಹಿಂದಿನ ಪೈಪಿಂದ,” ಎಂದ ಭಾವ. “ಯಾವಾಗ್ಲೂ ಬರೋ ಹಾಗೆ.”

“ಯಾವಾಗ್ಲೂ ಬರ್ತಿತ್ತು, ನಿಜ. ಮೊನ್ನೆಯಿಂದ ಬರ್ತಿರ್ಲಿಲ್ಲ. ನಿಮಗದು ಗೊತ್ತಿರ್ಲಿಲ್ಲ.”

ಆಕೆ ಕಾಲುಚೀಲವನ್ನು ಮೇಜಿನ ಮೇಲಿಟ್ಟಳು. ಅವನು ಅದನ್ನು ನೋಡಲಿಲ್ಲ. ತಿರುಗಿ ಹೆಂಡತಿಯನ್ನು ನೋಡಿದ. ಆ ನೋಟ ಕಂಡ ಮೇಲೆ ಇನ್‌ಸ್ಪೆಕ್ಟರ್‌ಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕೋರ್ಟಿಗೆ ಬೇಕಿತ್ತು. ಇಬ್ಬರ ನಡುವೆ ಬಂದು ನಿಂತು, ಇನ್ನು ಅವನು ನಿಮ್ಮನ್ನು ಮುಟ್ಟಲಾರ ಎಂದು ಅಕ್ಕನಿಗೆ ಮೆಲ್ಲಗೆ ಹೇಳಿದಳು.

ಅಕ್ಕ ರವಿಕೆಯ ಉದ್ದ ತೋಳನ್ನು ಮೇಲೆ ಸರಿಸಿದಳು. ಮೊಣಕೈವರೆಗೂ ಬಾಸುಂಡೆ.

“ಮಹಡೀಲಿ ಇದ್ದಿದ್ದು ನಾನು, ಮಗು ಇಬ್ರೇ. ಚಿಲಕ ಹೊರಗಿಂದ ಹಾಕಿತ್ತು.”

ಮಿಕ್ಕದ್ದು ಮೊದಲು ಅವಳ ಬಾಯಿಂದ, ಕಡೆಗೆ ಅವನ ಬಾಯಿಂದಲೂ ಹೊರಬಂತು. ತಮ್ಮ ಸದ್ದಿಲ್ಲದೆ ಬಂದು ಅಕ್ಕನನ್ನೂ ಮಗುವನ್ನೂ ಕರೆದೊಯ್ಯುವವನಿದ್ದ. ಢಂ ಎಂದರೆ ಬೀದಿಗೆಲ್ಲ ಗೊತ್ತಾಗಿ ಗಂಡನಿಗೆ ಫೋನು ಹೋಗುತ್ತಿತ್ತು. ಅದಕ್ಕೇ ತನ್ನ ಪ್ರೀತಿಯ ಸದ್ದನ್ನು ಅಡಗಿಸಿದ್ದ. ಗಂಡ ಅಂದು ಬೇಗ ಬಂದುಬಿಟ್ಟ. ಶೆಡ್ಡಿನಲ್ಲಿ ಕಾರು, ಡಿಕ್ಕಿಗೆ ಚೀಲ ತುಂಬುತ್ತಿದ್ದ ಹೆಂಡತಿ. ಮಗುವನ್ನು ಕರೆತರಲಿ ಎಂದು ತಮ್ಮನನ್ನು ನಂಬಿಸಿ, ಅವಳನ್ನು ಮಹಡಿಗೆ ಒಯ್ದು ಕೂಡಿಹಾಕಿದ. ಕಾರಿನ ಬಾಗಿಲ ಬಳಿ ಕಾಯುತ್ತಿದ್ದವನ ತಲೆಗೆ ಹಿಂದಿನಿಂದ ಸ್ಪ್ಯಾನರಿನಲ್ಲಿ ಹೊಡೆದ. ಕ್ಯಾನು ಸುರಿದು ಕಡ್ಡಿ ಗೀರಿದ. ಸುಳ್ಳು ಕಟ್ಟಲು ಅವನು ತಲೆ ಕೆಡಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ಬೀದಿಯವರು ಅದನ್ನು ಎಷ್ಟೋ ಕಾಲದಿಂದ ಹೇಳುತ್ತಲೇ ಬಂದಿದ್ದರು.

* * *

ಮೆಕ್ಯಾನಿಕ್‌ನನ್ನು ಬಿಟ್ಟರು. ಅವನು ಮನೆಗೆ ಹೋಗಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಮಗುವಿನೊಂದಿಗೆ ಕೂತಿದ್ದ ಅಕ್ಕನ ಪಕ್ಕ ನಿಂತಿದ್ದ.

ಜೀಪು ಸಿದ್ಧವಿದೆ ಎಂದಳು ಇನ್‌ಸ್ಪೆಕ್ಟರ್. “ನಿಮ್ಮ ತಮ್ಮ ಎಲ್ಲಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ರು? ಅಲ್ಲಿಗೇ ಬಿಡ್ತೀವಿ.”

“ಹೇಳ್ಲಿಲ್ಲ ಮೇಡಂ. ಹೇಳಿದ್ರೆ ನನ್ ಗಂಡ ಹೊಡೆದು ಬಾಯಿ ಬಿಡಿಸ್ತಾರೆ ಅಂತ ಭಯ ಅವ್ನಿಗೆ. ನೀನು ಕಾರು ಹತ್ತಕ್ಕ, ಆಮೇಲೆಲ್ಲ ನಾನು ನೋಡ್ಕೋತೀನಿ ಅಂದಿದ್ದ.”

ಇನ್‌ಸ್ಪೆಕ್ಟರ್ ಮೆಕ್ಯಾನಿಕ್‌ನ ಕಡೆ ನೋಡಿದಳು. ಅವನು ತಲೆಯಾಡಿಸಿದ. ಅವನಿಗೂ ಗೊತ್ತಿರಲಿಲ್ಲ. ಎಲ್ಲೋ ಯಾವುದೋ ಮನೆಯಲ್ಲಿ ಯಾರೋ ಈ ತಾಯಿ ಮಗುವಿನ ದಾರಿ ಕಾಯುತ್ತಿರಬಹುದು. ಅದು ಎಲ್ಲೆಂದು ಬಲ್ಲವನು ಶವಾಗಾರದಲ್ಲಿದ್ದ.